ಎರಿ ಹೊಲದಾಗ ಚಿಗರಿ ಓಡೂದಿಲ್ಲ

"ಮಿರಗದ ಮಳಿ ಎರಡ ದಿನಾ ಬಿಡಲಾರ್ದ ಹೊಡೀಬೇಕ ತಮ್ಮಾ. ಮೂರನೇ ದಿನ ಮುಂಜಾನೆ ಎರಿ ಹೊಲಕ್ಕ ಹೋದ್ರ ಚಿಗರಿ ಓಡೂದಿಲ್ಲ. ಓಡಬೇಕಂತಾವ, ಕಾಲ ಏಳೂದಿಲ್ಲ."

ಇಷ್ಟು ಹೇಳಿ ಮುತ್ಯಾ ಎರಡು ಕೈಯನ್ನೂ ನೆಲಕ್ಕೆ ಊರಿ, ಚಿಗರಿ ಕಾಲು ಕೀಳಲಾರದೆ ಹೇಗೆ ಒದ್ದಾಡುತ್ತದೆ ಎಂದು ತೋರಿಸುತ್ತಿದ್ದ. ತೋರಿಸಿ ನಗುತ್ತಿದ್ದ. ನಾವು ಮೊಮ್ಮಕ್ಕಳೂ ನಗುತ್ತಿದ್ದೆವು. ಈ ನಗೆಯ ಮಾತು ಆಮೇಲೆ ಬರುತ್ತದೆ.

ಬೈಲಹೊಂಗಲ ತಾಲೂಕಿನ ಸಂಪಗಾಂವ ನಮ್ಮೂರು. ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೇ ನಮ್ಮೂರಿನ ಹೆಸರಿತ್ತು. ಈಗ ಆ ಹೆಸರು ಬೈಲಹೊಂಗಲಕ್ಕೆ ಹೋಗಿ ನಾವು ಬರೀ ಹಳ್ಳಿಯವರಾಗಿದ್ದೇವೆ. ಮುತ್ಯಾ ಹೇಳುತ್ತಿದ್ದದ್ದು ಅವನ ಹರೆಯದ ಕತೆ. ನಾನಂತೂ ನಮ್ಮೂರ ಹೊಲದಲ್ಲಿ ಒಂದು ಚಿಗರಿಯನ್ನೂ ಕಂಡವನಲ್ಲ. ಎಂ.ಎ. ಓದಲು ಧಾರವಾಡಕ್ಕೆ ಬಂದ 2018ರಲ್ಲೇ ಹುಬ್ಬಳ್ಳಿ-ಧಾರವಾಡದ ನಡುವೆ 'ಚಿಗರಿ' ಬಸ್ಸು ಶುರುವಾಯಿತು. ನಾನು ದಿನಾ ಕಂಡ ಚಿಗರಿ ಅದೇ. ಅದಕ್ಕೆ ತನ್ನದೇ ಪ್ರತ್ಯೇಕ ಹಾದಿ, ಅಡ್ಡ ಬರುವವರಿಲ್ಲ, ಕಾಲಿಗೆ ಹತ್ತುವ ರಾಡಿಯಿಲ್ಲ.

ಪುಸ್ತಕದಲ್ಲಿ ಕೃಷ್ಣಮೃಗ, ಪೇಪರಿನಲ್ಲಿ ಜಿಂಕೆ, ನಮ್ಮಲ್ಲಿ ಚಿಗರಿ. ಇದು ಬಯಲಿನ ಪ್ರಾಣಿ. ಅಡಗಿಕೊಳ್ಳಲು ಪೊದೆ ಹುಡುಕುವುದಿಲ್ಲ. ದೂರದಿಂದಲೇ ಶತ್ರುವನ್ನು ನೋಡುವುದು, ನೋಡಿದ ಕೂಡಲೇ ಓಡುವುದು, ಇಷ್ಟೇ ಅದರ ರಕ್ಷಣೆ. ಆ ಓಟ ತಾಸಿಗೆ 80 ಕಿಲೋಮೀಟರ್ ಮುಟ್ಟಬಲ್ಲದು. ಇಂಥ ಪ್ರಾಣಿಯನ್ನು ಬಡಿಗೆ ಹಿಡಿದ ಮನುಷ್ಯ ಮುಟ್ಟುವುದಾದರೂ ಹೇಗೆ? ಅದಕ್ಕೆ ಎರೆಮಣ್ಣು ಬೇಕು, ಮಳೆ ಬೇಕು. ಎರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಅದರಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ಗೊತ್ತು, ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ಚಿಗರಿಯ ಗೊರಸು ಸಣ್ಣದು, ಚೂಪು, ನಡುವೆ ಸೀಳಿದ್ದು. ಮೈಯ ಭಾರಕ್ಕೆ ಅದು ಆಳಕ್ಕೆ ಇಳಿಯುತ್ತದೆ. ಕಿತ್ತರೆ ಸೀಳಿನ ನಡುವೆ ಮಣ್ಣು ಮೆತ್ತಿಕೊಂಡು ಬರುತ್ತದೆ. ಪ್ರತಿ ಹೆಜ್ಜೆಗೂ ಹೆಂಟೆ ದೊಡ್ಡದಾಗುತ್ತದೆ. ಒಣ ನೆಲದಲ್ಲಿ ಗಾಳಿಯಂತಿದ್ದ ಪ್ರಾಣಿ ಅರ್ಧ ಹರದಾರಿ ಹೋಗುವಷ್ಟರಲ್ಲಿ ನಿಂತುಬಿಡುತ್ತದೆ.

ಮುತ್ಯಾನ ಕಡೆ ಕೋವಿ ಇರಲಿಲ್ಲ. ಐದಾರು ಜನ, ಬಡಿಗೆ, ಎರಡು ನಾಯಿ. ಅವು ಮುಧೋಳದ ತಳಿ ಎಂದು ಮುತ್ಯಾ ಹೇಳುತ್ತಿದ್ದ; ನಮ್ಮೂರಲ್ಲಿ ಸಣಕಲು ನಾಯಿಗಳೆಲ್ಲ ಮುಧೋಳದವೇ. ಬೆನ್ನಟ್ಟುವವರ ಕಾಲಿಗೂ ಮಣ್ಣು ಹತ್ತುತ್ತಿತ್ತಲ್ಲ ಎಂದು ಒಮ್ಮೆ ಕೇಳಿದ್ದೆ. "ಹತ್ತತಿತ್ತು. ಹತ್ತ ಹೆಜ್ಜಿಗೊಮ್ಮೆ ನಿಂತು ಕುಡಗೋಲಿಂದ ಕೆರಕೊಂಡ ಮತ್ತ ಹೊಂಡೂದು. ಚಿಗರಿಗೇನ ಕೈ ಅದಾವ?" ಎಂದಿದ್ದ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು ತೀರ್ಥಹಳ್ಳಿ ಕಡೆಯ ಗೆಳೆಯ. ಅವರ ಮನೆಯಲ್ಲಿ ಹಿಂದೆ ಶಿಕಾರಿ ಮಾಡುವವರಿದ್ದರು, ಗೋಡೆಗೆ ಕೋವಿ ತೂಗುಹಾಕಿದ ಮನೆ. ಒಂದು ರಾತ್ರಿ ಅವನಿಗೆ ಮುತ್ಯಾನ ಕತೆ ಹೇಳಿದೆ, ನಗಬಹುದೆಂದುಕೊಂಡು. ಅವನು ನಗಲಿಲ್ಲ. "ಓಡೋಕಾಗದೇ ಇರೋದನ್ನ ಹೊಡೆಯೋದು ಶಿಕಾರಿ ಅಲ್ಲ ಮಾರಾಯ" ಎಂದ. ಅವನ ಅಜ್ಜ ಕೂತ ಪ್ರಾಣಿಗೆ, ನೀರು ಕುಡಿಯುವ ಪ್ರಾಣಿಗೆ ಗುಂಡು ಹಾರಿಸುತ್ತಿರಲಿಲ್ಲವಂತೆ. ಪ್ರಾಣಿಗೂ ಒಂದು ಅವಕಾಶ ಇರಬೇಕು, ಅದು ಬೇಟೆಯ ಧರ್ಮ ಎಂದ.

ನನಗೆ ಸಿಟ್ಟು ಬಂತು. ಆ ಸಿಟ್ಟೇ ಮುಂದೆ ನನ್ನ ಓದಿನೊಳಗೆ ನುಗ್ಗಿತು. ಹಳೆಯ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಬೇಡರು ಹೇಗೆ ಬರುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ನಮ್ಮದು ಬ್ಯಾಡರ ಮನೆ. ಕಾಗದದ ಮೇಲೆ ವಾಲ್ಮೀಕಿ ನಾಯಕ. ಪಂಪನಲ್ಲಿ, ರಾಘವಾಂಕನಲ್ಲಿ ಬೇಟೆ ಸೊಗಸಾಗಿದೆ. ಅಲ್ಲಿ ಬೇಡರು ಸುದ್ದಿ ತರುತ್ತಾರೆ, ಬಲೆ ಹೊರುತ್ತಾರೆ, ನಾಯಿ ಹಿಡಿಯುತ್ತಾರೆ. ಬೇಟೆಯ ಕೀರ್ತಿ ಅರಸನದು.

'ಅವಕಾಶ ಕೊಡಬೇಕು' ಎಂಬ ಗೆಳೆಯನ ಮಾತಿಗೆ ದೊಡ್ಡ ಬೆಂಬಲಗಳಿವೆ. ಸ್ಪೇನಿನ ತತ್ವಜ್ಞಾನಿ ಒರ್ಟೆಗಾ ಇ ಗ್ಯಾಸೆಟ್ ಬೇಟೆಯ ಬಗ್ಗೆ 1942ರಲ್ಲಿ ದೀರ್ಘವಾಗಿ ಬರೆದಿದ್ದಾನೆ. ಮನುಷ್ಯನ ಆಯುಧ ಎಷ್ಟು ಬಲಿಯಿತೆಂದರೆ ಅದನ್ನು ಪೂರ್ತಿ ಬಳಸಿದರೆ ಬೇಟೆ ಎಂಬುದೇ ಉಳಿಯುವುದಿಲ್ಲ, ಆದ್ದರಿಂದ ಬೇಟೆಗಾರ ತನ್ನನ್ನು ತಾನೇ ಕಟ್ಟಿಹಾಕಿಕೊಂಡು ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಬಿಡುತ್ತಾನೆ ಎಂಬುದು ಅವನ ವಾದ. ನಮ್ಮ ಮಹಾಭಾರತದಲ್ಲಿ ಇದೇ ಪ್ರಶ್ನೆ ಇನ್ನೂ ಹರಿತವಾಗಿದೆ. ಪಾಂಡು ಕಾಡಿನಲ್ಲಿ ಕೂಡಿಕೊಂಡಿದ್ದ ಜಿಂಕೆಗಳಿಗೆ ಬಾಣ ಬಿಡುತ್ತಾನೆ. ಗಂಡು ಜಿಂಕೆಯ ರೂಪದಲ್ಲಿದ್ದವನು ಕಿಂದಮನೆಂಬ ಋಷಿ. ಸಾಯುವ ಋಷಿಗೂ ಅರಸನಿಗೂ ಅಲ್ಲೇ ವಾದ ನಡೆಯುತ್ತದೆ. ಜಿಂಕೆ ಎಚ್ಚರವಾಗಿರಲಿ ಮೈಮರೆತಿರಲಿ, ಎದುರಿಗಿರಲಿ ಮರೆಯಿಂದಿರಲಿ, ಕೊಲ್ಲುವುದು ಅರಸರಿಗೆ ಸಲ್ಲುತ್ತದೆ, ನನ್ನನ್ನೇಕೆ ಬೈಯುತ್ತೀ ಎನ್ನುತ್ತಾನೆ ಪಾಂಡು. ಋಷಿಯ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಜಿಂಕೆಯನ್ನು ಕೊಂದದ್ದಕ್ಕೆ ನಾನು ನಿನ್ನನ್ನು ದೂರುತ್ತಿಲ್ಲ, ನೀನು ಕಾಯಲಿಲ್ಲವಲ್ಲ, ಅದಕ್ಕೆ ದೂರುತ್ತಿದ್ದೇನೆ ಎನ್ನುತ್ತಾನೆ.

ಅಂದರೆ ಕೊಲೆ ತಪ್ಪಲ್ಲ, ಹೊತ್ತು ತಪ್ಪು. ಇದನ್ನು ಒಪ್ಪಿದರೆ ಮುತ್ಯಾ ಕೆಟ್ಟ. ಅವನ ಬೇಟೆ ಪೂರ್ತಿಯಾಗಿ ನಿಂತಿರುವುದೇ ಹೊತ್ತಿನ ಮೇಲೆ, ಪ್ರಾಣಿ ತೀರ ಅಸಹಾಯಕವಾಗಿರುವ ಹೊತ್ತನ್ನು ಪಂಚಾಂಗದಲ್ಲಿ ನೋಡಿಕೊಂಡು ಹೋಗುವ ಬೇಟೆ ಅದು.

ನಾನು ಹೂಡಿದ ಪ್ರತಿವಾದ ಹೀಗಿತ್ತು. ಅವಕಾಶ ಕೊಡುವುದು ಎಂಬ ಮಾತು ಕುಸ್ತಿಯ ಕಣದ್ದು. ಕುಸ್ತಿಗೆ ಇಬ್ಬರೂ ಒಪ್ಪಿ ಇಳಿದಿರುತ್ತಾರೆ, ಇಬ್ಬರಿಗೂ ಗೆಲುವಿದೆ. ಚಿಗರಿ ಯಾವ ಕಣಕ್ಕೂ ಒಪ್ಪಿ ಬಂದದ್ದಲ್ಲ. ಅದು ತಪ್ಪಿಸಿಕೊಂಡರೆ ಗೆದ್ದ ಹಾಗಲ್ಲ, ಬದುಕಿದ ಹಾಗೆ ಅಷ್ಟೇ. ಓಡುವ ಚಿಗರಿಗೆ ಗುಂಡು ಹೊಡೆದರೂ ನಿಂತ ಚಿಗರಿಗೆ ಬಡಿಗೆ ಹಾಕಿದರೂ ಅದಕ್ಕೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಹೊಡೆದವನಿಗೆ, ಅವನು ಮನೆಗೆ ಬಂದು ಹೇಳುವ ಕತೆಗೆ.

ಇನ್ನು ಅರಸರ ಬೇಟೆಯ ಮರ್ಯಾದೆಯನ್ನೇ ನೋಡಿ. ನಮ್ಮ ಪಕ್ಕದ ಕೊಲ್ಹಾಪುರ ಸಂಸ್ಥಾನ ಚೀತಾ ಬೇಟೆಗೆ ಹೆಸರಾಗಿತ್ತು. ಕಣ್ಣಿಗೆ ಟೊಪ್ಪಿಗೆ ಕಟ್ಟಿದ ಚೀತಾವನ್ನು ಗಾಡಿಯಲ್ಲಿ ಕೂರಿಸಿ ಚಿಗರಿ ಹಿಂಡಿನ ಹತ್ತಿರ ಒಯ್ಯುವುದು, ಹತ್ತಿರಾದ ಮೇಲೆ ಟೊಪ್ಪಿಗೆ ತೆಗೆದು ಬಿಡುವುದು ಈ ಬೇಟೆಯ ಪದ್ಧತಿ. ಅದಕ್ಕೆ ಎತ್ತಿನ ಗಾಡಿಯೇ ಏಕೆ? ಚಿಗರಿಗಳಿಗೆ ಎತ್ತಿನ ಗಾಡಿಯ ಹೆದರಿಕೆ ಇರಲಿಲ್ಲ. ಹೊಲದಲ್ಲಿ ದಿನಾ ಓಡಾಡುವ ರೈತನ ಗಾಡಿ ತಮಗೇನೂ ಮಾಡುವುದಿಲ್ಲ ಎಂದು ಅವು ನಂಬಿದ್ದವು. ಆ ನಂಬಿಕೆಯನ್ನು ಬಳಸಿಕೊಂಡದ್ದು ರಾಜಕ್ರೀಡೆಯಾಯಿತು, ಮಳೆಯನ್ನು ಬಳಸಿಕೊಂಡದ್ದು ಹೇಡಿತನವಾಯಿತು. ಕೊನೆಗೆ ನಮ್ಮ ದೇಶದ ಚೀತಾಗಳು ಮುಗಿದುಹೋದವು. 1952ರಲ್ಲಿ ನಿರ್ವಂಶವಾದವೆಂದು ಸರ್ಕಾರವೇ ಹೇಳಿತು.

ಕೋವಿಯ ವಿಷಯ ಬೇರೆಯೇ ಇದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂದು ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಅವರಿಗೆ ಆಯುಧ ಹೊಟ್ಟೆಯೂ ಹೌದು ಮಾನವೂ ಹೌದು. ಊರು ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಫ್ಲೀಟ್ ಸಾಹೇಬ ಸಂಗ್ರಹಿಸಿದ ಲಾವಣಿ ಇಲ್ಲದಿದ್ದರೆ ಆ ಕತೆಯೂ ಸುಟ್ಟುಹೋಗುತ್ತಿತ್ತೇನೋ. ಆಯುಧ ಕಿತ್ತುಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಬೇಟೆಯ ಮರ್ಯಾದೆ ಕಲಿಸುವುದು ಸುಲಭ. ಮಿರಗದ ಹೊತ್ತು ಹಸಿವಿನ ಹೊತ್ತೂ ಹೌದು. ಹಿಂದಿನ ವರ್ಷದ ಜೋಳ ಹಗೇವಿನ ತಳ ಕಂಡಿರುತ್ತದೆ, ಇದ್ದಬದ್ದದ್ದು ಬಿತ್ತಲು ಹೋಗಿರುತ್ತದೆ, ಹೊಸ ಪೀಕು ಬರಲು ಇನ್ನೂ ತಿಂಗಳುಗಳಿವೆ. "ಆವಾಗ ಒಂದ ಚಿಗರಿ ಅಂದ್ರ ನಾಕ ಮನಿ ಮಂದಿ ಉಂಡಂಗ" ಎಂದು ಆಯಿ ಹೇಳುತ್ತಿದ್ದಳು. ಆದ್ದರಿಂದ ಕೇಳಬೇಕಾದದ್ದು ಪ್ರಾಣಿಗೆ ಅವಕಾಶವಿತ್ತೇ ಎಂದಲ್ಲ, ಕೊಂದವನಿಗೆ ಅಗತ್ಯವಿತ್ತೇ ಎಂದು. ಈ ಅಳತೆಯಲ್ಲಿ ಪಾಂಡುವಿಗಿಂತ, ಚೀತಾ ಸಾಕಿದ ಮಹಾರಾಜರಿಗಿಂತ ನನ್ನ ಮುತ್ಯಾ ಮೇಲು.

ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧವಾಗಿ ಓದಿದೆ. ಚಪ್ಪಾಳೆ ಬಂತು. ವಾದ ಈಗಲೂ ತಪ್ಪೆನಿಸುವುದಿಲ್ಲ. ಅದು ಏನನ್ನೋ ಬಿಟ್ಟಿದೆ ಎಂದು ಗೊತ್ತಾದದ್ದು ಮಾಮಾನ ಹೊಲದಲ್ಲಿ.

ನನ್ನ ಸೋದರಮಾವ ಇರುವುದು ನರಗುಂದದ ಕಡೆ. ನರಗುಂದ, ನವಲಗುಂದ, ರೋಣದ ಎರೆ ಬಯಲಿನಲ್ಲಿ ಚಿಗರಿ ಹಿಂಡುಗಳು ಇನ್ನೂ ಇವೆ, ರೈತರ ಪಾಲಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಹೆಸರು ಮೊಳಕೆಯೊಡೆದು ಎರಡೆಲೆ ಬಿಟ್ಟಿತೋ ಇಲ್ಲವೋ ರಾತ್ರಿ ಬಂದು ತುದಿ ಚಿವುಟಿ ತಿನ್ನುತ್ತವೆ. ತುದಿ ಹೋದ ಗಿಡ ಮತ್ತೆ ಸರಿಯಾಗಿ ಏಳುವುದಿಲ್ಲ. ಜಿಂಕೆ ಹಾವಳಿ ತಪ್ಪಿಸಿ, ಜಿಂಕೆ ವನ ಮಾಡಿ ಎಂದು ಆ ಭಾಗದ ರೈತರು ಮನವಿ ಕೊಡುತ್ತಲೇ ಇದ್ದಾರೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಮಾಮಾ ಎರಡು ಸಲ ಬಿತ್ತಿ ಎರಡು ಸಲವೂ ಕಳಕೊಂಡ ವರ್ಷಗಳಿವೆ.

ಮೂರು ವರ್ಷದ ಹಿಂದೆ ಜುಲೈನಲ್ಲಿ ಅಲ್ಲಿಗೆ ಹೋಗಿದ್ದೆ. ಮೂರು ದಿನದಿಂದ ಜಡಿಮಳೆ. ನಾಲ್ಕನೇ ದಿನ ಮುಂಜಾನೆ ಸ್ವಲ್ಪ ಹೊಳವಾಯಿತೆಂದು ಮಾಮಾ ಹೊಲ ನೋಡಲು ಹೊರಟ, ನಾನೂ ಹೊರಟೆ. ಬದುವಿನ ಮೇಲೆ ನಿಂತಾಗ ನಾಯಿಗಳ ಸದ್ದು ಕೇಳಿತು. ಹೊಲದ ನಟ್ಟನಡುವೆ ಒಂದು ಚಿಗರಿ. ಹರೆಯದ ಗಂಡು, ಮೈ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ, ಕೋಡು ಒಂದೆರಡು ಸುತ್ತು ತಿರುಗಿದ್ದವು. ಹಿಂಡು ದೂರದಲ್ಲಿ ನಿಂತಿತ್ತು. ಊರ ನಾಯಿಗಳು ನಾಲ್ಕೈದು ಅದರ ಸುತ್ತ. ಅವು ಹಗುರ, ಅವುಗಳ ಅಗಲ ಪಾದ ಅಷ್ಟು ಹೂಳುವುದಿಲ್ಲ. ಚಿಗರಿ ಮುಂಗಾಲು ಕೀಳುವುದು, ಜಾರುವುದು, ಎದ್ದು ಮತ್ತೆ ಕೀಳುವುದು. ಮುತ್ಯಾ ಕೈ ಊರಿ ತೋರಿಸುತ್ತಿದ್ದನಲ್ಲ, ಥೇಟ್ ಹಾಗೆ. ಎಷ್ಟು ಹಾಗೆಂದರೆ ಮೊದಲು ನನಗೆ ಅನಿಸಿದ್ದು ಕರುಣೆಯಲ್ಲ. 'ಅರೆ, ಮುತ್ಯಾ ಹೇಳಿದ್ದು ಖರೇ ಅದ' ಅನಿಸಿತು. ಅಷ್ಟು ವರ್ಷ ಕೇಳಿ ಬರೆದದ್ದು ಕಣ್ಣೆದುರು ನಡೆಯುತ್ತಿತ್ತು. ಮೊಬೈಲ್ ತೆಗೆದು ವಿಡಿಯೊ ಮಾಡಿದೆ.

ಆ ವಿಡಿಯೊ 47 ಸೆಕೆಂಡು ಇದೆ. ಹನ್ನೆರಡನೆಯ ಸೆಕೆಂಡಿಗೆ ಮಾಮಾ ಚೌಕಟ್ಟಿನೊಳಗೆ ಬರುತ್ತಾನೆ. ಧೋತರ ಮೇಲೆ ಕಟ್ಟಿ, ಕೈಯಲ್ಲಿ ಛತ್ರಿ ಹಿಡಿದು, ನಾಯಿಗಳಿಗೆ ಬೈಯುತ್ತ, ಬಿದ್ದು ಎದ್ದು ಓಡುತ್ತಿದ್ದಾನೆ. ಅವನೂ ಓಡಲಾರ, ಅವನ ಕಾಲಿಗೂ ಹೆಂಟೆ. ಒಂದು ಕಡೆ ಅವನು ಮುಗ್ಗರಿಸಿದಾಗ ವಿಡಿಯೊದಲ್ಲಿ ಒಂದು ನಗೆ ಕೇಳುತ್ತದೆ. ಅದು ನನ್ನದು.

ಆಮೇಲೆ ನಾನೂ ಓಡಿದೆ. ನಾಯಿಗಳು ದೂರ ಸರಿದವು. ಚಿಗರಿ ಆಗಲೇ ಮಲಗಿಬಿಟ್ಟಿತ್ತು, ಹಿಂಗಾಲಿಗೆ ಸಣ್ಣ ಕಡಿತ, ರಕ್ತ ಬಹಳವಿಲ್ಲ. ಮಾಮಾ ತನ್ನ ಟವೆಲಿನಿಂದ ಅದರ ಕಣ್ಣು ಮುಚ್ಚಿದ. ದನಕ್ಕೆ ಹಾಗೆ ಮಾಡಿದರೆ ಗಾಬರಿ ಕಡಿಮೆಯಾಗುತ್ತದೆ. ಆಮೇಲೆ ಒಂದೊಂದೇ ಗೊರಸು ಹಿಡಿದು, ಸೀಳಿನೊಳಗಿನ ಮಣ್ಣನ್ನು ಬೆರಳಿನಿಂದ ಬಿಡಿಸಿದ. ನಾನು ತಲೆ ಹಿಡಿದುಕೊಂಡಿದ್ದೆ. ಅದರ ಎದೆ ಬಡಿತ ನನ್ನ ಮೊಳಕಾಲಿಗೆ ತಾಗುತ್ತಿತ್ತು. ಅರಣ್ಯ ಇಲಾಖೆಗೆ ಫೋನು ಮಾಡಿದೆವು. ಅವರು ಬರುವಷ್ಟರಲ್ಲಿ ಅದು ಸತ್ತಿತ್ತು. ಪಂಚನಾಮೆ ಆಯಿತು. ಬಂದಿದ್ದ ಪಶುವೈದ್ಯರು ವಿವರಿಸಿದರು: ಬೆನ್ನಟ್ಟಿಸಿಕೊಂಡ ಜಿಂಕೆ ಜಾತಿಯವು ದೊಡ್ಡ ಗಾಯವಿಲ್ಲದೆಯೂ ಸಾಯುತ್ತವೆ, ಅತಿ ಶ್ರಮ ಮತ್ತು ಭಯಕ್ಕೆ ಸ್ನಾಯುಗಳು ಒಡೆದು, ಅದರ ವಿಷ ರಕ್ತಕ್ಕೆ ಸೇರಿ. ಮನುಷ್ಯ ಹಿಡಿದುಕೊಂಡರೆ ಭಯ ಇನ್ನೂ ಹೆಚ್ಚು. ಅಂದರೆ ನಮ್ಮ ಉಪಚಾರವೂ ಅದಕ್ಕೆ ಬೇಟೆಯ ಮುಂದುವರಿಕೆಯೇ ಆಗಿದ್ದಿರಬಹುದು.

ಸಂಜೆ ಮಾಮಾನನ್ನು ಕೇಳಿದೆ: "ನಿನ್ನ ಹೆಸರ ತಿಂದದ್ದ ಅದಲ್ಲಾ ಮಾಮಾ, ಮತ್ಯಾಕ ಓಡಿದಿ?" ಅವನು ಸುಣ್ಣ ತಿಕ್ಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮ ಹೊಲದಾಗ ಸತ್ರ ಕೇಸ ನನ್ನ ಮ್ಯಾಲಲ್ಲೇನ?" ಎಂದ. ಆಮೇಲೆ, "ಹಂಗ ಒದ್ದಾಡೂದ ನೋಡಾಕಾಗ್ಲಿಲ್ಲ" ಎಂದ. ಎರಡೂ ಖರೆ ಇರಬೇಕು. ಕಾಯಿದೆಯ ಭಯ ಮತ್ತು ಕರುಣೆ ಒಂದೇ ಕಾಲಲ್ಲಿ ಓಡಿದರೆ ಅದನ್ನು ಬಿಡಿಸಿ ತೂಗುವ ಗೋಜಿಗೆ ನಾನು ಹೋಗುವುದಿಲ್ಲ. ಅಗತ್ಯದ ಲೆಕ್ಕದಲ್ಲಿ ಆ ಚಿಗರಿ ಸಾಯಲಿ ಎನ್ನಲು ಆ ಹೊಲದಲ್ಲಿ ಯಾರಿಗಾದರೂ ಕಾರಣವಿದ್ದರೆ ಅದು ಅವನಿಗಿತ್ತು. ಓಡಿದವನು ಅವನು. ನಿಂತು ನೋಡಿದವನು ನಾನು, ಯಾವ ಅಗತ್ಯವೂ ಇಲ್ಲದವನು.

ಆವತ್ತಿನಿಂದ ಮುತ್ಯಾನ ನಗೆ ನನಗೆ ಬೇರೆಯಾಗಿ ಕೇಳುತ್ತಿದೆ. ನನ್ನ ಪ್ರಬಂಧ ಅವನ ಕೊಲೆಯನ್ನು ಸಮರ್ಥಿಸಿತ್ತು; ನಗೆಯನ್ನು ಮುಟ್ಟಿರಲೇ ಇಲ್ಲ. ಹಸಿವಿಗೆ ಬೇಕಾದದ್ದು ಮಾಂಸ. ಚಿಗರಿ ಜಾರಿ ಬೀಳುವುದರಲ್ಲಿ ಹಸಿವಿಗೇನೂ ಇಲ್ಲ. ಕಿಂದಮ ಋಷಿ ಕಾಯಬಾರದೇ ಎಂದದ್ದನ್ನು ನಾನು ಬೇಟೆಯ ನಿಯಮವೆಂದು ಓದಿದ್ದೆ, ಗೆಳೆಯನ 'ಅವಕಾಶ'ದ ಸಾಲಿಗೆ ಸೇರಿಸಿ ತಳ್ಳಿಹಾಕಿದ್ದೆ. ಅವನು ಕೇಳಿದ್ದು ಬೇರೆ ಏನೋ ಇರಬಹುದು ಎಂದು ಈಗ ಅನಿಸುತ್ತದೆ. ಇನ್ನೊಂದು ಜೀವ ತನ್ನನ್ನು ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿ ನಮ್ಮ ಕಣ್ಣಿಗೆ ಬಿದ್ದಾಗ ಆ ಕ್ಷಣ ನಮಗೆ ಏನಾಗಿ ಕಾಣುತ್ತದೆ, ಸದವಕಾಶವಾಗಿಯೋ, ತಮಾಷೆಯಾಗಿಯೋ, ಇನ್ನೇನಾಗಿಯೋ ಎಂಬುದು ಅವನ ಪ್ರಶ್ನೆ. ಕೊಲ್ಲುವ ಮಾತು ಅದರ ನಂತರದ್ದು. ಜನ್ನನ ಯಶೋಧರ ಕತ್ತರಿಸಿದ್ದು ಹಿಟ್ಟಿನ ಕೋಳಿಯನ್ನು. ಜೀವವೇ ಇಲ್ಲದ್ದನ್ನು ಕಡಿದದ್ದಕ್ಕೆ ಅವನೂ ಅವನ ತಾಯಿಯೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯಬೇಕಾಯಿತು. ಎಂ.ಎ. ತರಗತಿಯಲ್ಲಿ ಇದನ್ನು ಓದುವಾಗ ಶಿಕ್ಷೆ ಅತಿಯಾಯಿತು ಎಂದು ನಾವೆಲ್ಲ ವಾದಿಸಿದ್ದೆವು. ಯಾರೂ ಸಾಯದೆಯೂ ಹಿಂಸೆ ನಡೆಯಬಲ್ಲದು ಎಂಬುದು ಆಗ ನನಗೆ ಬರೀ ಜೈನ ಸಿದ್ಧಾಂತವಾಗಿತ್ತು.

ಹಾಗೆಂದು ಮುತ್ಯಾನನ್ನೂ ನನ್ನನ್ನೂ ಒಂದೇ ತಕ್ಕಡಿಗೆ ಹಾಕಲು ಮನಸ್ಸಿಲ್ಲ. ಅವನ ನಗೆಯಲ್ಲಿ ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತುತ್ತದೆ ಎಂಬ ಹಿಗ್ಗೂ ಇದ್ದಿರಬೇಕು. ಐವತ್ತು ವರ್ಷದ ಮೇಲೆ ಮೊಮ್ಮಕ್ಕಳೆದುರು ನೆನೆದಾಗ ಹಸಿವು ಮರೆತು ಹಿಗ್ಗು ಮಾತ್ರ ಉಳಿದಿರಬೇಕು. ನನ್ನ ನಗೆಗೆ ಇಂಥ ಯಾವ ಹಿಂದುಮುಂದೂ ಇಲ್ಲ. ಇನ್ನೊಂದು ಮಾತು. ಆದಿಕವಿಯ ಕತೆಯಲ್ಲಿ ಕ್ರೌಂಚವನ್ನು ಹೊಡೆದವನು ಬೇಡ, ಅವನಿಗೆ ಶಾಪವಿತ್ತವನು ವಾಲ್ಮೀಕಿ. ನಮ್ಮ ಸಮುದಾಯದವನಿಗೆ ಶಾಪ ಹಾಕಿದವನೂ ನಮ್ಮವನೇ, ಶಾಪ ತಿಂದವನೂ ನಮ್ಮವನೇ. ಬಹಳ ದಿನ ನಾನು ಇವರಿಬ್ಬರಲ್ಲಿ ಯಾರ ಕಡೆ ಎಂದು ಯೋಚಿಸುತ್ತಿದ್ದೆ. ಆ ಮರದ ಕೆಳಗೆ ಮೂರನೆಯವನೊಬ್ಬ ಇದ್ದಿರಬಹುದೆಂದು, ಬಾಣ ಬಿಡದೆ ಶಾಪವನ್ನೂ ಕೊಡದೆ ನೋಡುತ್ತ ನಿಂತವನು ಇದ್ದಿರಬಹುದೆಂದು ಹೊಳೆದಿರಲಿಲ್ಲ.

ಮಿರಗ ಎಂಬ ಮಳೆಯ ಹೆಸರಲ್ಲೇ ಈ ಬೇಟೆ ಇದೆ. ಮೃಗಶಿರಾ ಎಂದರೆ ಜಿಂಕೆಯ ತಲೆ. ಐತರೇಯ ಬ್ರಾಹ್ಮಣದ ಕತೆಯಲ್ಲಿ ಮಗಳ ಮೇಲೆ ಮನಸ್ಸು ಮಾಡಿ ಜಿಂಕೆಯಾದ ಪ್ರಜಾಪತಿಯನ್ನು ರುದ್ರ ಬಾಣದಿಂದ ಹೊಡೆಯುತ್ತಾನೆ. ಜಿಂಕೆ, ಬೇಟೆಗಾರ, ಬಾಣ ಮೂವರೂ ನಕ್ಷತ್ರವಾಗುತ್ತಾರೆ. ಮಿರಗದ ಹಿಂದೆಯೇ ಬರುವ ಮಳೆ ಆರಿದ್ರಾ. ಅದರ ದೇವತೆ ರುದ್ರ, ಹೆಸರಿನ ಅರ್ಥ ಹಸಿ, ಒದ್ದೆ. ಆಕಾಶದಲ್ಲೂ ಜಿಂಕೆಯ ಬೆನ್ನಿಗೆ ಹಸಿ ನೆಲ, ಹಸಿ ನೆಲದಲ್ಲಿ ಬೇಟೆಗಾರ. ಆದರೆ ಮಿರಗದ ಮಳೆ ಬೀಳುವಾಗ ಮೃಗಶಿರಾ ಕಾಣುವುದಿಲ್ಲ. ಸೂರ್ಯ ಅಲ್ಲೇ ಇರುತ್ತಾನೆ. ಆ ಜಿಂಕೆಯನ್ನು ನೋಡಬೇಕಾದರೆ ಡಿಸೆಂಬರ್-ಜನವರಿಯ ರಾತ್ರಿಗೆ ಕಾಯಬೇಕು, ನೆಲ ಒಣಗಿದ ಮೇಲೆ.

ವಿಡಿಯೊ ಇನ್ನೂ ನನ್ನ ಫೋನಿನಲ್ಲಿದೆ. ಸಂಶೋಧನೆಗೆ ಆಕರ ಎಂದು ಇಟ್ಟುಕೊಂಡೆ ಎಂದು ಮೊದಲು ಹೇಳಿಕೊಂಡೆ. ಮಹಾಪ್ರಬಂಧದಲ್ಲಿ ಅದರ ಉಲ್ಲೇಖ ಎಲ್ಲೂ ಇಲ್ಲ. ತೀರ್ಥಹಳ್ಳಿಯ ಗೆಳೆಯನಿಗೆ ಒಮ್ಮೆ ತೋರಿಸಿದೆ, ಅವನು ಪೂರ್ತಿ ನೋಡಿ ಫೋನು ವಾಪಸು ಕೊಟ್ಟ, ಏನೂ ಅನ್ನಲಿಲ್ಲ.

ಈ ವರ್ಷ ಮಿರಗ ಹೊಕ್ಕ ನಾಲ್ಕನೇ ದಿನ ಮಾಮಾ ಫೋನು ಮಾಡಿದ. ಹೆಸರು ಬಿತ್ತಿದ್ದಾನಂತೆ. "ಎಂಟ ದಿನಕ್ಕ ನಾಟತಾವ. ನಾಟಿದ ರಾತ್ರಿನ ಚಿಗರಿ ಬರ್ತಾವ. ಹುಡುಗೂರ್ಯಾರೂ ಊರಾಗಿಲ್ಲೋ, ಕಾವಲಕ್ಕ ಬರ್ತಿಯೇನ?" ಎಂದ. ಬರ್ತೀನಿ ಎಂದೆ. "ಬರುವಾಗ ದೊಡ್ಡ ಬ್ಯಾಟ್ರಿ ಒಂದ ತಗೊಂಡ ಬಾ. ಮೊಬಾಯ್ಲಿಂದ ಏನೂ ಉಪಯೋಗಿಲ್ಲ" ಎಂದು ಫೋನಿಟ್ಟ.